ಎರಡು ಸಿನಿಮಾಗಳ ನಡುವೆ ಕಳೆದುಹೋದ ಗಣಿ ಊರು

ಕಳೆದ ಡಿಸೆಂಬರಿನ ಒಂದು ಭಾನುವಾರ ಕೆಜಿಎಫ್‌ನ ಸಯನೈಡ್ ದಿಬ್ಬವೊಂದರ ಬುಡದಲ್ಲಿ ನಿಂತಿದ್ದೆ. ಬೆಂಗಳೂರಿನಿಂದ ಬೈಕುಗಳಲ್ಲಿ ಬಂದಿದ್ದ ಆರೇಳು ಹುಡುಗರು ರೀಲ್ಸ್ ಮಾಡುತ್ತಿದ್ದರು. ಒಬ್ಬ ಕೋಟನ್ನು ಭುಜದ ಮೇಲೆ ಹಾಕಿಕೊಂಡು ದಿಬ್ಬದ ಕಡೆಯಿಂದ ನಿಧಾನವಾಗಿ ನಡೆದುಬರಬೇಕು, ಇನ್ನೊಬ್ಬ ಕಾಲಿನಿಂದ ಧೂಳೆಬ್ಬಿಸಬೇಕು, ಮೊಬೈಲಿನಲ್ಲಿ ಸಿನಿಮಾದ ಹಿನ್ನೆಲೆ ಸಂಗೀತ ಮೊಳಗಬೇಕು. ನಾಲ್ಕು ಟೇಕ್ ಆಯಿತು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದವರು ಚಾಂಪಿಯನ್ ರೀಫ್‌ನಲ್ಲಿ ಇಪ್ಪತ್ತೆರಡು ವರ್ಷ ಭೂಮಿಯ ಕೆಳಗೆ ಕೆಲಸ ಮಾಡಿದವರು. ಹುಡುಗರನ್ನು ಸ್ವಲ್ಪ ಹೊತ್ತು ನೋಡಿ, ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು: “ಗಣಿ ಇದು ಅಲ್ಲಮ್ಮಾ. ಇದು ಗಣಿಯ ಕಸ. ಗಣಿ ಕೆಳಗೆ ಇದೆ, ನೀರು ತುಂಬಿಕೊಂಡು.”

ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಕಲ್ಲಿನ ಹಿಟ್ಟನ್ನು ನೂರಿಪ್ಪತ್ತು ವರ್ಷ ತಂದು ಸುರಿದು ಆದ ಗುಡ್ಡಗಳು ಇವು. ಒಟ್ಟು ಹದಿಮೂರು ದಿಬ್ಬ, ಸುಮಾರು 3.3 ಕೋಟಿ ಟನ್ ಪುಡಿ. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಪುಡಿ ಎದ್ದು ಲೈನ್‌ಮನೆಗಳ ಅನ್ನದ ತಟ್ಟೆಗೆ ಬೀಳುತ್ತದೆ. ಈಗ ಊರಿಗೆ ಬರುವವರು ನೋಡಲು ಬಯಸುವುದೂ ಇವನ್ನೇ. ‘ಕೆಜಿಎಫ್‌ನಲ್ಲಿ ನೋಡಬೇಕಾದ ಸ್ಥಳಗಳು’ ಎಂದು ಹುಡುಕಿದರೆ ಮೊದಲು ಬರುವುದು ಸಯನೈಡ್ ದಿಬ್ಬ, ಆಮೇಲೆ ಕಮ್ಮಸಂದ್ರದ ಕೋಟಿಲಿಂಗೇಶ್ವರ, ಬೇತಮಂಗಲದ ಕೆರೆ, ಬ್ರಿಟಿಷರ ಕ್ಲಬ್ಬು, ಕೆಲವು ಚರ್ಚುಗಳು. ಭೂವಿಜ್ಞಾನ ಗೊತ್ತಿದ್ದವರು ಪೆದ್ದಪಲ್ಲಿಯ ಬಂಡೆಗಳನ್ನೂ ಸೇರಿಸುತ್ತಾರೆ.

ನನ್ನ ಪಿಎಚ್‌ಡಿ ವಿಷಯ ಆಧುನಿಕ ಕನ್ನಡ ಸಾಹಿತ್ಯದಲ್ಲಿ ನಗರ. ಬಂಗಾರಪೇಟೆಯ ಹತ್ತಿರದ ಹಳ್ಳಿಯವಳು ನಾನು. ಗಣಿ ಮುಚ್ಚಿದಾಗ ನನಗೆ ನಾಲ್ಕು ವರ್ಷ. ತಾತ ಗಣಿಯ ಬಟವಾಡೆಯ ದಿನ ಆಂಡರ್ಸನ್‌ಪೇಟೆಗೆ ಹುಣಸೆಹಣ್ಣು, ಕಡಲೆಕಾಯಿ ಹೊತ್ತುಕೊಂಡು ಹೋಗಿ ಮಾರುತ್ತಿದ್ದರಂತೆ. ಇಷ್ಟು ಹತ್ತಿರದವಳಾಗಿದ್ದೂ ಸಂಶೋಧನೆಯ ಮೊದಲ ಎರಡು ವರ್ಷ ನನ್ನ ಟಿಪ್ಪಣಿಗಳಲ್ಲಿ ಬೆಂಗಳೂರು, ಧಾರವಾಡ, ಮೈಸೂರು, ಮುಂಬಯಿ ಇದ್ದವೇ ಹೊರತು ಕೆಜಿಎಫ್ ಒಮ್ಮೆಯೂ ಇರಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ. ಆ ಗೈರುಹಾಜರಿಯ ಜಾಗದಲ್ಲಿ ಏನೇನು ಬಂದು ಕೂತಿದೆ ಎಂದು ನೋಡುವ ಪ್ರಯತ್ನ ಈ ಬರಹ.

ಈ ಹೊತ್ತು ಕೆಜಿಎಫ್ ಎಂದರೆ ನಮ್ಮ ಮನಸ್ಸಿನಲ್ಲಿ ಏಳುವುದು ಪ್ರಶಾಂತ್ ನೀಲ್ ಅವರ ಚಿತ್ರ. 2018ರ ಡಿಸೆಂಬರಿನಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೆಯದು. ಕನ್ನಡ ಚಿತ್ರವೊಂದು ದೇಶದ ಉದ್ದಗಲಕ್ಕೂ ಓಡಿದ್ದು ಸಣ್ಣ ವಿಷಯವಲ್ಲ. ಅದನ್ನು ಮೂಗು ಮುರಿಯುತ್ತಾ ನೋಡುವ ವಿಮರ್ಶಕರ ಸಾಲಿಗೆ ಸೇರುವ ಆಸೆ ನನಗಿಲ್ಲ; ಮೊದಲ ಭಾಗವನ್ನು ಥಿಯೇಟರಿನಲ್ಲಿ ಎರಡು ಸಲ ನೋಡಿದವಳು ನಾನು. ಸಾವಿರಾರು ಮಂದಿ ಒಂದೇ ಬಣ್ಣದ ಧೂಳಿನಲ್ಲಿ ಕರಗಿ ಒಂದೇ ದೇಹದಂತೆ ಚಲಿಸುವ ಚೌಕಟ್ಟುಗಳನ್ನು ಅದಕ್ಕೆ ಮೊದಲು ಕನ್ನಡದಲ್ಲಿ ನಾನು ಕಂಡಿರಲಿಲ್ಲ. ದುಡಿಮೆ ಮನುಷ್ಯನ ಮುಖವನ್ನು ಹೇಗೆ ಅಳಿಸುತ್ತದೆ ಎಂಬುದು ಆ ದೃಶ್ಯಗಳಲ್ಲಿ ಕಣ್ಣಿಗೆ ತಟ್ಟುತ್ತದೆ.

ತೊಡಕು ಇರುವುದು ಕತೆ ನಿಂತಿರುವ ಕಾಲದಲ್ಲಿ. ಚಿತ್ರದ ಪ್ರಕಾರ 1951ರಲ್ಲಿ, ನಾಯಕ ಹುಟ್ಟುವ ಹೊತ್ತಿಗೇ, ಕೋಲಾರದ ನೆಲದಲ್ಲಿ ಚಿನ್ನ ಸಿಗುತ್ತದೆ. ಸೂರ್ಯವರ್ಧನ್ ಎಂಬಾತ ಸುಣ್ಣಕಲ್ಲಿನ ಗಣಿಯ ಹೆಸರಿನಲ್ಲಿ ಭೂಮಿಯನ್ನು 99 ವರ್ಷದ ಗುತ್ತಿಗೆಗೆ ಪಡೆದು, ನಾರಾಚಿ ಎಂಬ ಗುಪ್ತ ಸಾಮ್ರಾಜ್ಯ ಕಟ್ಟಿ, ಹಳ್ಳಿಗರನ್ನು ಹಿಡಿದುತಂದು ಗುಲಾಮರಾಗಿಸುತ್ತಾನೆ. ನಿಜವಾದ 1951ರಲ್ಲಿ ಕೆಜಿಎಫ್‌ಗೆ ಆಗಲೇ ಎಪ್ಪತ್ತು ವರ್ಷ ವಯಸ್ಸಾಗಿತ್ತು. ಲೆಫ್ಟಿನೆಂಟ್ ಜಾನ್ ವಾರನ್ ಈ ಭಾಗದ ಗಡಿ ಸರ್ವೆ ಮಾಡುತ್ತಾ ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಕೇಳಿ, ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ಬರೆದದ್ದು ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ವಿರುದ್ಧ ಹೋರಾಡಿ ಬಂದಿದ್ದ ಐರಿಷ್ ಸೈನಿಕ ಲ್ಯಾವೆಲ್ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದದ್ದು 1875ರಲ್ಲಿ; ಬೆಂಗಳೂರಿನ ಲ್ಯಾವೆಲ್ ರಸ್ತೆಯ ಹೆಸರಿನ ಹಿಂದಿರುವುದು ಆತನೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಶಾಫ್ಟುಗಳು ಆಳಕ್ಕಿಳಿದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ. ರಾಜಧಾನಿ ಚಿಮಣಿ ದೀಪದಲ್ಲಿದ್ದಾಗ ಗಣಿಯ ಯಂತ್ರಗಳು ಕಾವೇರಿಯ ವಿದ್ಯುತ್ತಿನಲ್ಲಿ ತಿರುಗುತ್ತಿದ್ದವು.

ಸಿನಿಮಾ ಇತಿಹಾಸದ ಪಾಠವಲ್ಲ ಎನ್ನುವ ಉತ್ತರ ತಕ್ಷಣ ಬರುತ್ತದೆ, ಒಪ್ಪುತ್ತೇನೆ. ಆದರೆ ಈ ಚಿತ್ರ ತನ್ನ ಕತೆಯನ್ನು ಕಟ್ಟುವುದೇ, ಸರ್ಕಾರ ಮುಚ್ಚಿಟ್ಟ ಇತಿಹಾಸವನ್ನು ಪತ್ರಕರ್ತನೊಬ್ಬ ಬರೆದ ಪುಸ್ತಕದ ಮೂಲಕ ಹೊರಗೆಳೆಯುತ್ತಿದ್ದೇನೆ ಎಂದು. ಮುಚ್ಚಿಟ್ಟ ಇತಿಹಾಸ ಎಂಬ ಮಾತೇ ಅದರ ಬಂಡವಾಳ. ಹಾಗಾಗಿ ಅದು ಏನನ್ನು ತೆರೆಯಿತು, ಏನನ್ನು ಮುಚ್ಚಿತು ಎಂದು ಕೇಳುವ ಹಕ್ಕು ಪ್ರೇಕ್ಷಕರಿಗಿದೆ.

ಮುಚ್ಚಿದ್ದು ಎರಡನ್ನು. ಒಂದು, ಗಣಿಯ ಮಾಲೀಕ ಯಾರು ಎಂಬುದನ್ನು. ಲಂಡನ್ನಿನ ಷೇರುದಾರರು ಲಾಭ ಪಡೆದರು, ಮೈಸೂರು ಸಂಸ್ಥಾನ ರಾಜಧನ ಪಡೆಯಿತು. 1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಚಿತ್ರದಲ್ಲಿ ಗರುಡ ಚಾಟಿ ಬೀಸುವ ಎಪ್ಪತ್ತರ ದಶಕದಲ್ಲಿ ಅಸಲಿ ಗಣಿಯ ಒಡೆಯ ಭಾರತ ಸರ್ಕಾರ. ಎರಡನೆಯ ಭಾಗದಲ್ಲಿ ಪ್ರಭುತ್ವ ಬರುತ್ತದೆ ನಿಜ, ಆದರೆ ಅಪರಾಧಿಯನ್ನು ಶಿಕ್ಷಿಸುವ ಪ್ರಧಾನಿಯ ರೂಪದಲ್ಲಿ. ತಾನೇ ಮಾಲೀಕನಾಗಿದ್ದವನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂತು ಹೋಗುತ್ತಾನೆ.

ಇನ್ನೊಂದು, ಕಾರ್ಮಿಕರ ಬಾಯಿಯನ್ನು. ನಾರಾಚಿಯ ಜನ ಅಳುತ್ತಾರೆ, ಕಾಯುತ್ತಾರೆ, ಕೊನೆಗೊಬ್ಬ ಮುಂಬಯಿಯಿಂದ ಬಂದು ಬಿಡಿಸುತ್ತಾನೆ. 1930ರಲ್ಲಿ ಕಂಪನಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ, ನಾವು ಕಳ್ಳರಲ್ಲ ಎಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು. ಆಗ ಅವರಿಗೆ ಕಾನೂನು ಮಾನ್ಯತೆಯಿದ್ದ ಸಂಘವೇ ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಅಂಥ ಮಾನ್ಯತೆ ಬಂದದ್ದು ನಲವತ್ತರ ದಶಕದಲ್ಲಿ. 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಬೆರಳಚ್ಚಿನ ಮುಷ್ಕರದ ಕತೆಯನ್ನು ನಾನು ಮೊದಲು ಓದಿದ್ದು ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕದಲ್ಲಿ. ಹಾಸ್ಟೆಲಿನಲ್ಲಿ ಆ ಅಧ್ಯಾಯ ಮುಗಿಸಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿ, “ನಿಂಗೆ ಇದು ಗೊತ್ತಿತ್ತಾ?” ಎಂದು ಕೇಳಿದೆ. “ಗಣಿಯೋರು ಯಾವಾಗ್ಲೂ ಸ್ಟ್ರೈಕ್ ಮಾಡೋರು ಅಂತ ನಿಮ್ ತಾತ ಬೈಯ್ಯೋನು. ಸ್ಟ್ರೈಕ್ ಆದ್ರೆ ಹುಣಸೆಹಣ್ಣು ಹೋಗ್ತಿರ್ಲಿಲ್ವಲ್ಲ” ಎಂದರು ಅಪ್ಪ. ನಮ್ಮ ಹಳ್ಳಿಗೂ ಆ ಊರಿಗೂ ಇದ್ದ ಸಂಬಂಧ ಇಷ್ಟೇ: ಅವರ ಸಂಬಳದ ದಿನ ನಮ್ಮ ಸಂತೆಯ ದಿನ.

2024ರ ಆಗಸ್ಟ್‌ನಲ್ಲಿ ಪಾ. ರಂಜಿತ್ ಅವರ ‘ತಂಗಲಾನ್’ ಬಂತು. ಬೆಂಗಳೂರಿನಲ್ಲಿ ನಾನು ನೋಡಿದ ಪ್ರದರ್ಶನದಲ್ಲಿ ಕನ್ನಡ ಮಾತು ಕೇಳಿಸಿದ್ದು ಕಡಿಮೆ. ಗೆಳೆಯರಲ್ಲಿ ಹಲವರಿಗೆ ಅದು ಕೋಲಾರದ ಕತೆ ಎಂಬುದೇ ತಿಳಿದಿರಲಿಲ್ಲ. ಅದು ತಮಿಳಿನ ಚಿತ್ರ, ಅಷ್ಟೆ. ಉತ್ತರ ಆರ್ಕಾಟಿನ ವೇಪ್ಪೂರಿನಿಂದ, ಜಮೀನು ಕಳೆದುಕೊಂಡ ದಲಿತ ಕುಟುಂಬಗಳು ಬಿಳಿಯ ಅಧಿಕಾರಿಯೊಬ್ಬನ ಹಿಂದೆ ಚಿನ್ನ ಹುಡುಕುತ್ತಾ ಹೊರಡುತ್ತವೆ. ಇಲ್ಲಿ ದುಡಿಯುವವರಿಗೆ ಹೆಸರಿದೆ, ಊರಿದೆ, ಜಗಳವಿದೆ, ನಗುವಿದೆ. ಚಿನ್ನ ಅಗೆಯುವುದು ಅವರಿಗೆ ಶಾಪವೂ ಹೌದು, ಜಮೀನ್ದಾರನಿಂದ ಬಿಡುಗಡೆಯ ದಾರಿಯೂ ಹೌದು. ಆ ಇಬ್ಬಗೆಯನ್ನು ಚಿತ್ರ ಕೈಬಿಡುವುದಿಲ್ಲ, ಅದೇ ಅದರ ಬಲ. ಮೈಮೇಲೆ ಮೊದಲ ಸಲ ರವಿಕೆ ತೊಟ್ಟ ಹೆಂಗಸರ ಸಂಭ್ರಮದ ಒಂದೇ ದೃಶ್ಯಕ್ಕೆ ನಾನು ಇಡೀ ನಾರಾಚಿಯನ್ನು ಬಿಟ್ಟುಕೊಡಬಲ್ಲೆ.

ಆದರೂ ‘ತಂಗಲಾನ್’ ನಿಲ್ಲುವುದು 1850ರ ಆಸುಪಾಸಿನಲ್ಲಿ, ಶಾಫ್ಟುಗಳು ಇಳಿಯುವುದಕ್ಕೆ ಮೂರು ದಶಕ ಮೊದಲು. ಉತ್ತರಾರ್ಧ ಪುರಾಣಕ್ಕೆ ಹೊರಳುತ್ತದೆ. ಚಿನ್ನ ಕಾಯುವ ಆರತಿ, ರುಂಡ ಕಡಿದ ಬುದ್ಧ, ಹಾವುಗಳು. ಅಲ್ಲಿಗೆ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ವಿಚಿತ್ರ ಕಾಣುತ್ತದೆ. ಒಂದು, ಗಣಿ ಶುರುವಾಗುವ ಮೊದಲಿನ ಕಾಲಕ್ಕೆ ಹೋಯಿತು. ಇನ್ನೊಂದು, ಇಲ್ಲದ ಗಣಿಯನ್ನು ಕಲ್ಪಿಸಿಕೊಂಡಿತು. 1880ರಿಂದ 2001ರವರೆಗೆ ನಿಜವಾಗಿ ನಡೆದ ಗಣಿ ಎರಡರಲ್ಲೂ ಇಲ್ಲ. ಆ ಗಣಿಯಲ್ಲಿ ಸೈರನ್ ಇತ್ತು, ಮೂರು ಶಿಫ್ಟು ಇತ್ತು, ಬಟವಾಡೆ ಚೀಟಿ ಇತ್ತು, ಕಂಪನಿ ಆಸ್ಪತ್ರೆ ಇತ್ತು, ಫುಟ್‌ಬಾಲ್ ತಂಡ ಇತ್ತು, ಕಲ್ಲಿನ ಧೂಳು ಕುಡಿದ ಶ್ವಾಸಕೋಶ ಇತ್ತು. ಕೇಜಿನಲ್ಲಿ ಇಳಿದು ಎಂಟು ಗಂಟೆ ದುಡಿದು ಮೇಲೆ ಬಂದು ಮಾರನೆಯ ದಿನ ಮತ್ತೆ ಇಳಿಯುವುದರಲ್ಲಿ ಕ್ಲೈಮ್ಯಾಕ್ಸ್ ಇಲ್ಲ. ಸಿನಿಮಾಕ್ಕೆ ಗುಲಾಮ ಬೇಕು ಅಥವಾ ಪೂರ್ವಜ ಬೇಕು. ಪ್ರಾವಿಡೆಂಟ್ ಫಂಡ್ ಇರುವ ಕಾರ್ಮಿಕನನ್ನು ಏನು ಮಾಡಬೇಕೆಂದು ಅದಕ್ಕೆ ತೋಚುವುದಿಲ್ಲ. ಅವನನ್ನು ಹಿಡಿಯಬೇಕಾದ್ದು ಕಾದಂಬರಿ.

ಹಿಡಿಯಲು ಸಾಮಗ್ರಿ ಕಡಿಮೆಯಿರಲಿಲ್ಲ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ, ತನ್ನ ಕಾಲದಲ್ಲಿ ಜಗತ್ತಿನ ಅತ್ಯಂತ ಆಳದವುಗಳಲ್ಲೊಂದು. ಕೆಳಗಿನ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಮೇಲಿಂದ ತಣ್ಣನೆಯ ಗಾಳಿ ಕಳಿಸಲು ಯಂತ್ರಗಳೇ ಬೇಕಾದವು. ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವುದಿತ್ತು. ಕೆಳಗೆ ಸಿಡಿದರೆ ಮೇಲೆ ಊರಿನ ಮನೆಗಳ ಪಾತ್ರೆ ಅಲುಗಾಡುತ್ತಿದ್ದವು. ನನ್ನನ್ನು ಕರೆದೊಯ್ದ ಅಂಕಲ್ ಹೇಳಿದ್ದು: “ಪಾತ್ರೆ ಸದ್ದಾದ್ರೆ ಹೆಂಗಸರು ಎಲ್ಲ ಹೊರಗೆ ಬಂದು ನಿಲ್ತಿದ್ರು. ಯಾರೂ ಮಾತಾಡ್ತಿರ್ಲಿಲ್ಲ. ಯಾವ ಶಾಫ್ಟು ಅಂತ ಗೊತ್ತಾಗೋವರೆಗೂ.” ಈ ಒಂದು ವಾಕ್ಯದೊಳಗೆ ಒಂದು ಅಧ್ಯಾಯವಿದೆ ಎಂದು ನನಗನ್ನಿಸಿತು. ಅದೇ ಆಳದಲ್ಲಿ ವಿಜ್ಞಾನಿಗಳೂ ಇದ್ದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ಜೊತೆಗಾರರೊಂದಿಗೆ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಹೂಡಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದರು. ಆಕಾಶದಿಂದ ಬಂದದ್ದನ್ನು ಕಾಣಲು ಪಾತಾಳಕ್ಕೆ ಇಳಿಯಬೇಕಾಯಿತು. ಆ ಯಂತ್ರಗಳನ್ನು ಕೆಳಗೆ ಹೊತ್ತವರೂ ಲೈನ್‌ಮನೆಯವರೇ ಇರಬೇಕಲ್ಲವೆ.

ಕನ್ನಡಕ್ಕೆ ಊರು ಬಿಟ್ಟವರ ನಗರವನ್ನು ಬರೆಯಲು ಬರುವುದಿಲ್ಲ ಎನ್ನುವಂತಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ಯಿಂದ ಜಯಂತ ಕಾಯ್ಕಿಣಿಯವರ ಕತೆಗಳವರೆಗೆ ಮುಂಬಯಿ ಕನ್ನಡದ್ದೇ ಒಂದು ಊರಾಗಿದೆ. ಸಾವಿರ ಕಿಲೋಮೀಟರ್ ದೂರದ ಚಾಳುಗಳ ಗೋಡೆಯ ತೇವ ನಮಗೆ ಗೊತ್ತು. ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರದ ಲೈನ್‌ಮನೆಗಳ ಒಳಗು ಗೊತ್ತಿಲ್ಲ. ಕಾರಣ ಹೇಳಲು ಕಷ್ಟವಿಲ್ಲ. ಮುಂಬಯಿಗೆ ನಾವು ಹೋದೆವು, ಆದ್ದರಿಂದ ಬರೆದೆವು. ಕೆಜಿಎಫ್‌ಗೆ ಬಂದವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯವರು, ಬಹುಪಾಲು ದಲಿತರು, ಮೇಲ್ವಿಚಾರಣೆಗೆ ಕಾರ್ನ್‌ವಾಲಿನ ಗಣಿಗಾರರು, ಆಂಗ್ಲೋ ಇಂಡಿಯನ್ನರು, ಕಾವಲಿಗೆ ಪಂಜಾಬಿಗಳು. ಕನ್ನಡದವರು ಅಂಚಿನಲ್ಲಿದ್ದರು, ನನ್ನ ತಾತನಂತೆ, ಮಾರುವವರಾಗಿ. ನಮ್ಮ ಭೂಪಟದೊಳಗೆ ಇದ್ದರೂ ನಮ್ಮ ಭಾಷೆಯೊಳಗೆ ಇಲ್ಲದ ಊರು. “ಅಲ್ಲಿ ಕನ್ನಡ ನಡೆಯಲ್ಲ” ಎಂಬ ಮಾತನ್ನು ನಾನು ಚಿಕ್ಕಂದಿನಿಂದ ದೂರಿನ ದನಿಯಲ್ಲಿ ಕೇಳಿದ್ದೇನೆ. ಕನ್ನಡವಾದರೂ ಅಲ್ಲಿಗೆ ನಡೆದುಹೋಯಿತೇ ಎಂದು ಕೇಳಿದವರು ಕಡಿಮೆ.

ಒಂದು ಸಣ್ಣ ಸಂಗತಿ ನೆನಪಾಗುತ್ತದೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಾಗದೆ ಕೆಲಸ ಹುಡುಕುತ್ತಿದ್ದ ಹರೆಯದಲ್ಲಿ ಕೆಲಕಾಲ ಕೋಲಾರ ಚಿನ್ನದ ಗಣಿಯ ಸೋಡಾ ಕಾರ್ಖಾನೆಯೊಂದರಲ್ಲಿದ್ದರು. ಎಷ್ಟೊಂದು ಜನರ ಚಿತ್ರ ಬರೆದಿಟ್ಟ ಲೇಖನಿ ಅದು. ಆ ಶಿಫ್ಟು ಬಿಟ್ಟು ಬಂದು ಸೋಡಾ ಕುಡಿದ ಕಾರ್ಮಿಕನ ಮುಖವೂ ಆ ಚಿತ್ರಶಾಲೆಯ ಒಂದು ಗೋಡೆಯಲ್ಲಿ ತೂಗಬಹುದಿತ್ತಲ್ಲ ಎಂದು ನಾನು ಆಸೆಪಡುತ್ತೇನೆ. ಇದು ಆಕ್ಷೇಪವಲ್ಲ, ಓದುಗಳ ದುರಾಸೆ.

ಹಾಗೆಂದು ಆ ಊರು ಅಕ್ಷರವಿಲ್ಲದೆ ಇರಲಿಲ್ಲ. ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಇದೇ. ಪಂಡಿತ ಅಯೋತಿದಾಸರು ಮದರಾಸಿನಲ್ಲಿ 1898ರಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. 1907ರಲ್ಲಿ ಅವರು ಆರಂಭಿಸಿದ ‘ತಮಿಳನ್’ ಪತ್ರಿಕೆ ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಪಂಡಿತ ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಹೊರಬಂದದ್ದು ಕೆಜಿಎಫ್‌ನಿಂದ. ಗಣಿಯ ಸಂಬಳದಲ್ಲಿ ಚಂದಾ ಕೊಟ್ಟು ದಲಿತ ಕಾರ್ಮಿಕರು ಪತ್ರಿಕೆ ನಡೆಸಿದರು, ಪುಸ್ತಕ ಅಚ್ಚು ಹಾಕಿದರು, ಬುದ್ಧನನ್ನು ತಮ್ಮ ಪೂರ್ವಜನೆಂದು ಓದಿಕೊಂಡರು. ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ದಶಕಗಳ ಮೊದಲಿನ ಮಾತು ಇದು. ಈ ಚಳವಳಿಯನ್ನು ಕುರಿತ ಜಿ. ಅಲೋಷಿಯಸ್ ಅವರ ಅಧ್ಯಯನವೂ ಜಾನಕಿ ನಾಯರ್ ಅವರ ಪುಸ್ತಕವೂ ಬಂದದ್ದು ಒಂದೇ ವರ್ಷ, 1998ರಲ್ಲಿ, ಎರಡೂ ಇಂಗ್ಲಿಷಿನಲ್ಲಿ. ಕರ್ನಾಟಕದ ನೆಲದಲ್ಲಿ ನಡೆದ ಬಹಳ ಹಿಂದಿನ ದಲಿತ ಮುದ್ರಣ ಸಾಹಸವೊಂದು ನಮ್ಮ ದಲಿತ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ನನಗೆ ಸಿಗಲಿಲ್ಲ. ಎಂ.ಎ. ತರಗತಿಯಲ್ಲಿ ನಮಗೆ ಕತೆ ಶುರುವಾದದ್ದು ಎಪ್ಪತ್ತರ ದಶಕದಿಂದ. ತಮಿಳಿನಲ್ಲಿ ಅಚ್ಚಾದದ್ದು ಕರ್ನಾಟಕದ ಸಾಹಿತ್ಯ ಚರಿತ್ರೆಯಲ್ಲಿ ಬರಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಅವರು ಕನ್ನಡದಲ್ಲಿ ಬರೆದರು, ನಮ್ಮವರಾದರು. ಬರೆಯದವರು ಯಾರವರು? ಈ ಪ್ರಶ್ನೆಯನ್ನು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಹಾಕಿ ಎಂದು ನನಗೆ ಸಲಹೆ ಬಂದಿತ್ತು. ಅಧ್ಯಾಯವಾಗಿಯೇ ಇಟ್ಟುಕೊಂಡಿದ್ದೇನೆ.

ಇಂಗ್ಲಿಷಿನಲ್ಲಿ ಇನ್ನೊಂದು ಬಗೆಯ ಬರಹವಿದೆ, ನೆನಪುಗಳದು. ಬ್ರಿಜೆಟ್ ವೈಟ್ ಕುಮಾರ್ ಅವರಂಥ ಆಂಗ್ಲೋ ಇಂಡಿಯನ್ ಲೇಖಕರು ಕೆಜಿಎಫ್‌ನ ಬಾಲ್ಯವನ್ನೂ ಅಡುಗೆಯನ್ನೂ ಪ್ರೀತಿಯಿಂದ ದಾಖಲಿಸಿದ್ದಾರೆ. ಕ್ರಿಸ್ಮಸ್ ಕೇಕು, ಕ್ಲಬ್ಬಿನ ನೃತ್ಯ, ತೋಟದ ಗುಲಾಬಿ. ಆ ನೆನಪು ಸುಳ್ಳಲ್ಲ, ಆ ಸಮುದಾಯವೂ ಊರು ಕಳೆದುಕೊಂಡದ್ದೇ. ನನ್ನ ಜಗಳ ಇರುವುದು ಪ್ರವಾಸಿ ಬರಹಗಳ ಜೊತೆ. ಅವು ಆ ನೆನಪುಗಳಿಂದ ‘ಪುಟ್ಟ ಇಂಗ್ಲೆಂಡ್’ ಎಂಬ ಎರಡು ಪದಗಳನ್ನು ಮಾತ್ರ ಕಿತ್ತುಕೊಂಡು ಎಲ್ಲೆಡೆ ಅಂಟಿಸುತ್ತವೆ. ಬಂಗಲೆಯ ಹೆಂಚು, ಗಾಲ್ಫ್ ಮೈದಾನ, ತಂಪು ಹವೆ. ಬಂಗಲೆಯಿಂದ ಕಾಲು ಗಂಟೆ ನಡೆದರೆ ಸಿಗುವ ಲೈನುಗಳಲ್ಲಿ ಗಣಿ ಮುಚ್ಚಿ ಹತ್ತು ವರ್ಷವಾದ ಮೇಲೂ ಒಣ ಪಾಯಿಖಾನೆಗಳಿದ್ದವು, ಅವನ್ನು ಮನುಷ್ಯರು ಬಳಿಯುತ್ತಿದ್ದರು. 2011ರಲ್ಲಿ ಅದಕ್ಕಾಗಿ ಜೀವಗಳು ಹೋದ ಮೇಲೆ ಪತ್ರಿಕೆಗಳು ಬರೆದವು. ಜಗತ್ತಿಗೆ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ, ಬೆಂಗಳೂರಿಗಿಂತ ಮೊದಲು ವಿದ್ಯುತ್ ಕಂಡ ಊರಿನ ಸಂಗತಿ ಇದು. ‘ಪುಟ್ಟ ಇಂಗ್ಲೆಂಡ್’ ಎನ್ನುವಾಗ ಯಾರ ಬೀದಿಯಿಂದ ನೋಡುತ್ತಿದ್ದೇವೆ ಎಂಬುದನ್ನು ಮರೆಯುವುದು ಬಹಳ ಸುಲಭ.

ಊರಿನ ಪುನರುಜ್ಜೀವನದ ಮಾತು ಪ್ರತಿ ಚುನಾವಣೆಗೂ ಏಳುತ್ತದೆ. ಈಗಿನದು ಸ್ವಲ್ಪ ಗಟ್ಟಿ. ಹದಿಮೂರು ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ, ಸುಮಾರು ಸಾವಿರ ಎಕರೆ ಜಾಗದ ಮಾತು. 1964ರಲ್ಲಿ ಶುರುವಾದ ಬೆಮೆಲ್ ಇನ್ನೂ ಅಲ್ಲಿದೆ, ಆದ್ದರಿಂದ ಊರು ಪೂರ್ತಿ ಸತ್ತಿತು ಎನ್ನುವುದೂ ತಪ್ಪು. ಆದರೆ ಊರಿನ ದೊಡ್ಡ ಉದ್ಯಮ ಈಗ ರೈಲು. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ಗಾಡಿಗಳಲ್ಲಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. 1894ರಲ್ಲಿ ಗಣಿಗಾಗಿ ಹಾಕಿದ ಹಳಿ ಅದು. ಮೊಮ್ಮಕ್ಕಳು ಅದೇ ಹಳಿಯ ಮೇಲೆ ಸೆಕ್ಯುರಿಟಿ, ಗಾರ್ಮೆಂಟ್ಸ್, ಕಾಲ್ ಸೆಂಟರುಗಳಿಗೆ ಹೋಗುತ್ತಾರೆ. ಈ ರೈಲಿನಲ್ಲಿ ಸೀಟಿಗಾಗಿ ನಡೆಯುವ ಜಗಳದಲ್ಲಿ ತಮಿಳು, ತೆಲುಗು, ಕನ್ನಡ, ಇಂಗ್ಲಿಷು ಒಂದೇ ವಾಕ್ಯದಲ್ಲಿ ಬರುವುದನ್ನು ಕೇಳಿದರೆ ನಮ್ಮ ನಗರ ಸಾಹಿತ್ಯದ ಭಾಷೆ ಎಷ್ಟು ಮಡಿಯದು ಎಂದು ಗೊತ್ತಾಗುತ್ತದೆ.

ಜರ್ಮನಿಯ ಎಸ್ಸೆನ್‌ನಲ್ಲಿ 1986ರಲ್ಲಿ ಮುಚ್ಚಿದ ಜೊಲ್‌ಫರೈನ್ ಕಲ್ಲಿದ್ದಲು ಗಣಿಯನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2001ರಲ್ಲಿ. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದಲ್ಲೇ ಈಗ ರೂರ್ ಪ್ರದೇಶದ ವಸ್ತುಸಂಗ್ರಹಾಲಯವಿದೆ. ಅದೇ 2001ರಲ್ಲಿ ನಮ್ಮಲ್ಲಿ ಪಂಪುಗಳು ನಿಂತವು, ಶಾಫ್ಟುಗಳಿಗೆ ನೀರು ನುಗ್ಗಿತು. ಹೋಲಿಕೆಗೆ ಮಿತಿಯಿದೆ; ಜರ್ಮನಿಯ ದುಡ್ಡು ನಮ್ಮಲ್ಲಿಲ್ಲ, ಗಣಿಯೊಂದು ಮ್ಯೂಸಿಯಂ ಆದ ಮಾತ್ರಕ್ಕೆ ಕಾರ್ಮಿಕನ ಮಗನಿಗೆ ಕೆಲಸ ಸಿಕ್ಕುವುದೂ ಇಲ್ಲ. ಲೋವರ್ ಪರೇಲಿನ ಗಿರಣಿಗಳು ಮಾಲ್‌ಗಳಾದದ್ದನ್ನೂ ನೋಡಿದ್ದೇವೆ. ನನಗೆ ಬೇಕಿರುವುದು ಬಹಳ ಸಣ್ಣದು: ಗಿಫರ್ಡ್ ಶಾಫ್ಟಿನ ಹತ್ತಿರ ಇಷ್ಟು ಆಳ, ಇಷ್ಟು ಬಿಸಿ, ಇಂಥಿಂಥವರು ಇಳಿದರು ಎಂದು ನಾಲ್ಕು ಭಾಷೆಯಲ್ಲಿ ಒಂದು ಫಲಕ. ಸಿನಿಮಾದ ಹುಡುಗರು ಅದರ ಮುಂದೆಯೂ ಒಂದು ರೀಲ್ಸ್ ಮಾಡಲಿ, ಬೇಡ ಎನ್ನುವುದಿಲ್ಲ.

ದಿಬ್ಬಗಳನ್ನು ಕರಗಿಸಿ ಚಿನ್ನ ತೆಗೆದರೆ ಏನಾಗಬಹುದು ಎಂದು ವಾಪಸು ಬರುವಾಗ ಅಂಕಲ್‌ರನ್ನು ಕೇಳಿದೆ. ಧೂಳು ಹೋಗುತ್ತದೆ, ಒಳ್ಳೆಯದೇ, ಎಂದರು. ಸ್ವಲ್ಪ ತಡೆದು, ಹುಡುಗರು ಸಿನಿಮಾದ ಗುಡ್ಡ ನೋಡಲು ಬಂದಾಗ ಟೀ ಅಂಗಡಿಯವನಿಗೆ ನಾಲ್ಕು ಕಾಸು ಆಗುತ್ತಿತ್ತು, ಅದೂ ಹೋಗುತ್ತದೆ, ಎಂದರು. ಸ್ಟೇಷನ್ನಿನಲ್ಲಿ ನನ್ನ ನೋಟ್‌ಬುಕ್ಕನ್ನು ತೋರಿಸಿ ಕೇಳಿದರು:

“ಯಾವ ಭಾಷೇಲಿ ಬರೀತೀರಮ್ಮಾ ಇದೆಲ್ಲ?”

“ಕನ್ನಡದಲ್ಲಿ ಅಂಕಲ್.”

“ನನಗೆ ಓದೋಕೆ ಬರಲ್ಲ, ಮಾತು ಮಾತ್ರ. ಮೊಮ್ಮಗಳು ಸ್ಕೂಲಲ್ಲಿ ಕನ್ನಡವೇ ಓದೋದು. ಪೋನಿಗೆ ಕಳಿಸಿ, ಅವಳು ಓದಿ ಹೇಳ್ತಾಳೆ. ತಪ್ಪಿದ್ರೆ ನಾನು ಹೇಳ್ತೀನಿ.”

ಈ ಬರಹದ ಮೊದಲ ಕರಡನ್ನು ಅವರಿಗೆ ಕಳಿಸಿದ್ದೆ. ಎರಡು ತಪ್ಪು ಹೇಳಿದರು. ಒಂದನ್ನು ತಿದ್ದಿದ್ದೇನೆ. ಇನ್ನೊಂದು, ಅವರ ಲೆಕ್ಕದಲ್ಲಿ, ನಾನು ಬಟವಾಡೆಯ ದಿನದ ಬಗ್ಗೆ ತೀರ ಕಡಿಮೆ ಬರೆದಿದ್ದೇನೆ ಎಂಬುದು.